ಆಕ್ಸಿಜನ್ ಸೆನ್ಸರ್‌ಗೆ ಸರಿಯಾದ ಜಾಗ ಯಾವುದು?

ಕಾರಿಗೆ ವೈಡ್‌ಬ್ಯಾಂಡ್ ಮೀಟರ್ (ಎಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಯಾವ ಪ್ರಮಾಣದಲ್ಲಿ ಉರಿಯುತ್ತಿವೆ ಎಂದು ತೋರಿಸುವುದು) ಹಾಕಿಸುವವರು ಯಾವ ಮೀಟರ್ ಒಳ್ಳೆಯದು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಹೊಗೆ ಪೈಪಿನಲ್ಲಿ ಅದರ ಆಕ್ಸಿಜನ್ ಸೆನ್ಸರ್ ಕೂರುವ ಜಾಗವನ್ನು ಮಾತ್ರ ವೆಲ್ಡರ್‌ಗೆ ಬಿಟ್ಟುಬಿಡುತ್ತಾರೆ. ಕಾರು ಲಿಫ್ಟ್ ಮೇಲಿದ್ದಾಗ ಅವರ ಕೈಗೆ ಸುಲಭವಾಗಿ ಸಿಗುವುದು ಪೈಪಿನ ತಳ. ತೂತೂ ಅಲ್ಲೇ ಬೀಳುತ್ತದೆ. ಹೀಗೆ ಹಾಳಾದ ಸೆನ್ಸರ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಜಾಗವನ್ನು ನೀವೇ ಗುರುತು ಮಾಡಿ, ಆಮೇಲೆ ವೆಲ್ಡರ್ ಹತ್ತಿರ ಹೋಗಿ.

ಮೊದಲು ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯನ್ನು ಶುದ್ಧ ಮಾಡುವ ಡಬ್ಬಿ, ಎಲ್ಲಿದೆ ನೋಡಿ. ಸೆನ್ಸರ್ ಅದಕ್ಕಿಂತ ಮುಂಚೆಯೇ ಇರಬೇಕು. ಉಳಿದ ಇಂಧನವನ್ನೂ ಆಮ್ಲಜನಕವನ್ನೂ ಕನ್ವರ್ಟರ್ ಸೇರಿಸಿ ಸುಡುತ್ತದೆ. ಅದರ ಆಚೆ ಅಳೆದರೆ ಎಂಜಿನ್‌ನ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಕನ್ವರ್ಟರ್ ಮ್ಯಾನಿಫೋಲ್ಡಿಗೇ (ಸಿಲಿಂಡರ್‌ಗಳ ಹೊಗೆಯನ್ನು ಒಂದುಗೂಡಿಸುವ ಕವಲು ಪೈಪು) ಅಂಟಿಕೊಂಡಿರುತ್ತದೆ, ಮಧ್ಯೆ ಜಾಗವೇ ಇರುವುದಿಲ್ಲ. ಮೀಟರಿಗೆ ದುಡ್ಡು ಕೊಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಎಲ್ಲ ಸಿಲಿಂಡರ್‌ಗಳ ಪೈಪು ಒಂದಾದ ಮೇಲೆ ಹಾಕಿ. ಒಂದೇ ಕವಲಿಗೆ ಹಾಕಿದರೆ ಆ ಒಂದು ಸಿಲಿಂಡರ್‌ನ ಸುದ್ದಿ ಮಾತ್ರ ಸಿಗುತ್ತದೆ.

ದೂರದ ಲೆಕ್ಕಕ್ಕೆ ಬರೋಣ. ಟರ್ಬೊ ಇಲ್ಲದಿದ್ದರೆ ಎಂಜಿನ್ ಹೆಡ್‌ನಿಂದ ಸುಮಾರು 2 ಅಡಿ. ಟರ್ಬೊ ಇದ್ದರೆ ಅದರ ನಂತರ ಅಷ್ಟೇ ದೂರ. ಟರ್ಬೊ ಮುಂಚೆ ಬೇಡ, ಅಲ್ಲಿನ ಬಿಸಿಯೂ ಒತ್ತಡವೂ ಜಾಸ್ತಿ. ಬಾಷ್ ಎಲ್‌ಎಸ್‌ಯು 4.9 ಎಂಬ ವೈಡ್‌ಬ್ಯಾಂಡ್ ಸೆನ್ಸರ್ ಸತತವಾಗಿ ತಡೆಯುವುದು 930 ಡಿಗ್ರಿ ಸೆಲ್ಸಿಯಸ್‌ವರೆಗಿನ ಹೊಗೆಯನ್ನು. ಹಾಗಂತ ಸೈಲೆನ್ಸರ್ ಬಾಯಿಗೆ ಒಯ್ಯಬೇಡಿ, ಅಲ್ಲಿ ಹೊರಗಿನ ಗಾಳಿ ಒಳಗೆ ಬೆರೆಯುತ್ತದೆ. ಬಾಯಿಗೆ ಸಿಕ್ಕಿಸುವ ಕ್ಲಾಂಪ್ ಒಂದು ಸಲದ ಪರೀಕ್ಷೆಗೆ ಸಾಕು, ಕಾಯಂ ಆಗಿ ಅಲ್ಲ.

ಎಲ್ಲರೂ ಎಡವುವುದು ಕೋನದಲ್ಲಿ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಬೆಳಗ್ಗೆ ಪೈಪು ತಣ್ಣಗಿರುವಾಗ ಅದು ಹನಿಯಾಗಿ ತಳದಲ್ಲಿ ಹರಿಯುತ್ತದೆ. ಸೆನ್ಸರ್ ಒಳಗಿನ ಸೆರಾಮಿಕ್ಕನ್ನು ಹೀಟರ್ ಸುಮಾರು 780 ಡಿಗ್ರಿಗೆ ಕಾಯಿಸಿ ಇಟ್ಟಿರುತ್ತದೆ. ಅದರ ಮೇಲೆ ಒಂದು ಹನಿ ಬಿದ್ದರೂ ಉರಿಯುವ ಲಾಟೀನಿನ ಗಾಜಿಗೆ ನೀರು ಚಿಮುಕಿಸಿದ ಹಾಗೆ, ಚಟ್ಟನೆ ಸೀಳುತ್ತದೆ. ಆದ್ದರಿಂದ ಸೆನ್ಸರ್‌ನ ತುದಿ ಕೆಳಮುಖವಾಗಿರಬೇಕು, ವೈರ್ ಇರುವ ಕಡೆ ಮೇಲೆ. ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ಎನ್ನುವುದು ನಿಯಮ. ನಾನು ಹೇಳುವುದು ಗಡಿಯಾರದ 10 ಅಥವಾ 2 ಗಂಟೆಯ ದಿಕ್ಕು, ಅಂದರೆ 30 ಡಿಗ್ರಿ. ಆಗ ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ನೆಟ್ಟಗೆ 12ಕ್ಕೆ ಬೇಡ, ಬಿಸಿ ಸೀದಾ ವೈರಿನತ್ತ ಏರುತ್ತದೆ.

ಗುರುತು ಹಾಕುವಾಗ ಕಾರು ಸಮತಟ್ಟಾಗಿರಲಿ. ಜಾಕ್‌ನಿಂದ ಮುಂಭಾಗ ಮಾತ್ರ ಎತ್ತಿ ಅಳೆದರೆ ಪೈಪಿನ ಇಳಿಜಾರೇ ತಪ್ಪಾಗಿ ಕಾಣುತ್ತದೆ. ನೀರು ನಿಲ್ಲುವಂಥ ತಗ್ಗಿನ ಬಾಗು ಬೇಡ. ಸೆನ್ಸರ್ ಉದ್ದಕ್ಕೆ ಒಂದು ಕಡ್ಡಿ ಹಿಡಿದು ನೋಡಿ. ಕಾರಿನ ಫ್ಲೋರ್‌ಗೆ ತಾಗದೆ ಕೂರುತ್ತದಾ, 22 ಎಂಎಂ ಸ್ಪ್ಯಾನರ್ ತಿರುಗುತ್ತದಾ, ವೈರ್ ಪೈಪಿಗೆ ಸೋಕದೆ ಹೋಗುತ್ತದಾ? ಮೂರಕ್ಕೂ ಸರಿ ಎನಿಸಿದರೆ ಮಾತ್ರ ತೂತು ಕೊರೆಸಿ.

ಸೆನ್ಸರ್‌ಗಿಂತ ಮುಂಚಿನ ಗ್ಯಾಸ್ಕೆಟ್, ಫ್ಲೆಕ್ಸ್ ಜಾಯಿಂಟ್ ಎಲ್ಲೂ ಸೋರಬಾರದು. ಹೊಗೆ ಬಡಿತ ಬಡಿತವಾಗಿ ಹೋಗುತ್ತದೆ. ನಡುವೆ ಒತ್ತಡ ತಗ್ಗಿದಾಗ ಆ ಸಂದಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಮೀಟರ್ ಸುಮ್ನೆ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಎಂದು ತೋರಿಸುತ್ತದೆ, ಅದನ್ನು ನಂಬಿ ಟ್ಯೂನರ್ ಪೆಟ್ರೋಲ್ ಜಾಸ್ತಿ ಮಾಡುತ್ತಾರೆ. ವೆಲ್ಡಿಂಗ್ ಇಲ್ಲದೆ ಕ್ಲಾಂಪಿನಲ್ಲಿ ಬಿಗಿಯುವ ಬಂಗ್ (ಸೆನ್ಸರ್ ಕೂರಿಸುವ ಥ್ರೆಡ್ಡಿನ ಬಳೆ) ಕೊಳ್ಳಲೇಬೇಡಿ, ಅದೇ ಮೊದಲು ಸೋರುತ್ತದೆ.

ಎಂ18 x 1.5 ಥ್ರೆಡ್ಡಿನ ಉಕ್ಕಿನ ಬಂಗನ್ನು, ಒಳಗೊಂದು ಪ್ಲಗ್ ಬಿಗಿದು, ವೆಲ್ಡ್ ಮಾಡಿಸಿ. ಪ್ಲಗ್ ಬದಲು ಸೆನ್ಸರನ್ನೇ ಬಿಗಿದಿಟ್ಟು ವೆಲ್ಡ್ ಮಾಡುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ. ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿಸೀಜ್ ಪೇಸ್ಟ್ ಥ್ರೆಡ್ಡಿಗೆ ಮಾತ್ರ, ತುದಿಗೆ ಸೋಕಬಾರದು. ಸಿಲಿಕೋನ್ ಪೇಸ್ಟ್ ಹತ್ತಿರಕ್ಕೂ ತರಬೇಡಿ, ಅದರ ಆವಿ ಸೆನ್ಸರ್‌ಗೆ ವಿಷ.

ಮುಂದೆ ಯಾವಾಗಾದರೂ ಮೀಟರ್ ಬಿಚ್ಚಿದರೆ ಸೆನ್ಸರನ್ನೂ ಬಿಚ್ಚಿ ಪ್ಲಗ್ ಹಾಕಿ. ಹೀಟರ್ ಇಲ್ಲದೆ ಹೊಗೆಯಲ್ಲಿ ಕೂತರೆ ತುದಿಗೆ ಮಸಿ ಕಟ್ಟುತ್ತದೆ.