ಬೂದು ಭಾಗದಲ್ಲಿ ನೇರಳೆ ಪಟ್ಟಿ

ಮನುಷ್ಯನ ಮೆದುಳಿನಿಂದ ಲಿಪಿಡ್ (ಕೊಬ್ಬಿನ ಜಾತಿಯ ವಸ್ತುಗಳು) ತೆಗೆಯುವ ಕೆಲಸಕ್ಕೆ ಕೈಹಾಕಿದಾಗ ನನಗಿದ್ದ ಹೆದರಿಕೆಯೆಲ್ಲ ಯಂತ್ರಗಳದ್ದು. ಕೊನೆಗೆ ಕೈಕೊಟ್ಟದ್ದು ಚಾಕು.

ಸ್ಯಾಂಪಲ್ ಮೈನಸ್ 80 ಡಿಗ್ರಿಯಲ್ಲಿಟ್ಟಿದ್ದ ಹಣೆಭಾಗದ ತುಂಡು. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟದ್ದು; ಅದನ್ನು ಕೈಗೆತ್ತಿಕೊಂಡ ದಿನ ಲ್ಯಾಬಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಫಾರ್ಮಾಲ್ಡಿಹೈಡ್ ದ್ರಾವಣವಾದ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟ ಮೆದುಳು ಇದಕ್ಕೆ ಆಗಿಬರುವುದಿಲ್ಲ. ಅಮೈನೋ ಗುಂಪಿರುವ ಲಿಪಿಡ್‌ಗಳನ್ನು ಫಾರ್ಮಾಲ್ಡಿಹೈಡ್ ಹಿಡಿದುಕೊಂಡುಬಿಡುತ್ತದೆ.

ಡ್ರೈ ಐಸ್ ಮೇಲಿನ ತಟ್ಟೆಯಲ್ಲಿ ಬೂದು ಭಾಗವನ್ನೂ (ನರಕೋಶಗಳಿರುವ ಹೊರಪದರ) ಬಿಳಿ ಭಾಗವನ್ನೂ (ಅದರ ಕೆಳಗಿನ ನರದ ಎಳೆಗಳು) ಬೇರೆ ಬೇರೆ ಕೆತ್ತಬೇಕು. ಬೂದು ಪದರದ ದಪ್ಪ ಬರೀ 2ರಿಂದ 4 ಮಿಲಿಮೀಟರ್. ಕಲ್ಲಿನಂತೆ ಗಟ್ಟಿಯಾಗಿದ್ದ ತುಂಡು ಚಾಕು ಇಟ್ಟಲ್ಲೆಲ್ಲ ಚಿಕ್ಕಿಯ ಹಾಗೆ ಪುಡಿಯಾಯಿತು. ಪುಡಿಯಲ್ಲಿ ಯಾವುದು ಬೂದು, ಯಾವುದು ಬಿಳಿ? ಅಂದಾಜಿನ ಮೇಲೆ ಆರಿಸಿದೆ.

ಮುಂದಿನದು ಲಿಪಿಡ್ ಕರಗಿಸಿ ತೆಗೆಯುವ ಫೋಲ್ಚ್ ವಿಧಾನ, 1957ರದ್ದು. ಒಂದು ಗ್ರಾಂಗೆ 20 ಮಿಲಿಲೀಟರ್ ಕ್ಲೋರೋಫಾರ್ಮ್-ಮೆಥನಾಲ್, ಎರಡಕ್ಕೆ ಒಂದರ ಅಳತೆ. ಅರೆದು, ಸೋಸಿ, ಐದನೇ ಒಂದು ಪಾಲು ಉಪ್ಪುನೀರು ಹಾಕಿದರೆ ಎರಡು ಪದರವಾಗುತ್ತದೆ. ಲಿಪಿಡ್ ಕೆಳಗೆ, ನಡುವೆ ಕೆನೆಯಂಥ ಪ್ರೋಟೀನ್. (ಗಾಜಿನ ಟ್ಯೂಬೇ ಬೇಕು. ಮೊದಲ ದಿನ ಪಾಲಿಸ್ಟೈರೀನ್ ಟ್ಯೂಬಿಗೆ ಸುರಿದು, ಅದು ಕಣ್ಣೆದುರೇ ಕರಗುವುದನ್ನು ನೋಡಿದ್ದೇನೆ.)

ಒಂದೊಂದು ಲಿಪಿಡ್ ಒಂದೊಂದು ಪಟ್ಟಿಯಾಗಿ ಬೇರೆಯಾಗಲೆಂದು ಸಾರವನ್ನು ಸಿಲಿಕಾ ಪ್ಲೇಟಿನ ಮೇಲೆ ಓಡಿಸಿ, ಆರ್ಸಿನಾಲ್ ಎಂಬ ಬಣ್ಣ ಬರಿಸುವ ರಾಸಾಯನಿಕ ಸಿಂಪಡಿಸಿ ಬಿಸಿ ಮಾಡಿದೆ. ಸಕ್ಕರೆ ಅಂಟಿದ ಲಿಪಿಡ್ ಇದ್ದಲ್ಲಿ ನೇರಳೆ ಏಳುತ್ತದೆ. ಬಿಳಿ ಭಾಗದಲ್ಲಿ ಅಂಥದ್ದೇ ಒಂದು ಲಿಪಿಡ್ ಆದ ಸೆರೆಬ್ರೋಸೈಡ್‌ನ ಜೋಡಿ ಪಟ್ಟಿ ಎದ್ದು ಕಂಡಿತು. ಒಂದು, ಕೊಬ್ಬಿನಾಮ್ಲದಲ್ಲಿ ಹೈಡ್ರಾಕ್ಸಿ ಇರುವುದು, ಇನ್ನೊಂದು, ಇಲ್ಲದ್ದು. ಬೂದು ಭಾಗದಲ್ಲೂ ಅಷ್ಟೇ ಗಾಢವಾಗಿ ಅದೇ ಜೋಡಿ! ಬಿಳಿ ಭಾಗದ ಲಿಪಿಡ್‌ನಲ್ಲಿ ಸೆರೆಬ್ರೋಸೈಡ್ ಸುಮಾರು 20 ಪರ್ಸೆಂಟ್, ಬೂದಿನಲ್ಲಿ 5ರ ಆಸುಪಾಸು ಇರಬೇಕಿತ್ತು. "ಇದು ಬೂದಲ್ಲ, ಹಾಲು ಬೆರೆಸಿದ ನೀರು" ಎಂದರು ಗೈಡ್.

ಎರಡನೇ ಸಲ ತುಂಡನ್ನು ಮೈನಸ್ 20ಕ್ಕೆ ತಂದುಕೊಂಡೆ. ಆ ಹದಕ್ಕೆ ಬ್ಲೇಡು ಫ್ರಿಜ್ಜಿನ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಮೆದುಳಿನ ಮಡಿಕೆಯ ಮೇಲುಮೈಯನ್ನಷ್ಟೇ ಹೆರೆದು, ಗಡಿಯ ಹತ್ತಿರದ್ದನ್ನೆಲ್ಲ ಬಿಟ್ಟೆ, ಅರ್ಧಕ್ಕರ್ಧ ಕಳೆದುಕೊಂಡೆ. ನೇರಳೆ ಮಸುಕಾಯಿತು. ಪೂರ್ತಿ ಹೋಗಲಿಲ್ಲ, ಹೋಗಲೂಬಾರದು: ಬೂದಿನೊಳಗೂ ಮಯಲಿನ್ (ಸೆರೆಬ್ರೋಸೈಡ್ ಇರುವ ಕೊಬ್ಬಿನ ಹೊದಿಕೆ) ಹೊದ್ದ ನರದ ಎಳೆಗಳಿವೆ.

ನೈಟ್ರೋಜನ್ ಊದಿ ಒಣಗಿಸಿ ತೂಗಿದರೆ, ಒಂದು ಗ್ರಾಂ ಬಿಳಿ ಭಾಗದಿಂದ ಸುಮಾರು 150 ಮಿಲಿಗ್ರಾಂ ಲಿಪಿಡ್, ಬೂದಿನಿಂದ 60. ಮೆದುಳಿನ 60 ಪರ್ಸೆಂಟ್ ಕೊಬ್ಬು ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಲೆಕ್ಕ ನೀರೆಲ್ಲ ತೆಗೆದ ಮೇಲಿನದು. ಹಸಿ ಮೆದುಳಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಬಿಳಿ ಭಾಗದ ಲಿಪಿಡ್‌ನಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಕೊಲೆಸ್ಟರಾಲ್. ಅದು ಮೆದುಳು ತಾನೇ ತಯಾರಿಸಿಕೊಂಡದ್ದು, ನಾವು ತಿಂದ ತುಪ್ಪದ್ದಲ್ಲ.

ಇನ್ನೊಂದು ಎಡವಟ್ಟು ತಿಳಿದದ್ದು ತಡವಾಗಿ. ನೀರಿನ ಮೇಲ್ಪದರವನ್ನು ನಾನು ಪ್ರತಿಸಲವೂ ಚೆಲ್ಲುತ್ತಿದ್ದೆ. ಬೂದು ಭಾಗದ ವಿಶೇಷವೇ ಆದ ಗ್ಯಾಂಗ್ಲಿಯೋಸೈಡ್ ಎಂಬ ಸಕ್ಕರೆ ಅಂಟಿದ ಲಿಪಿಡ್‌ಗಳು ಹೋಗಿ ಸೇರುವುದು ಅದರಲ್ಲೇ. ನನ್ನ ಮೊದಲ ಆರು ಸ್ಯಾಂಪಲ್‌ಗಳ ಪಟ್ಟಿಯಲ್ಲಿ ಆ ಕಾಲಂ ಇವತ್ತಿಗೂ ಖಾಲಿ.