ಆದೋನಿಯ ಅಡುಗೆಮನೆಯಲ್ಲಿ ಕುಲಾಂತರಿ: ಪ್ಯಾಕೆಟ್ ಓದುವುದು ಹೇಗೆ?

ಭಾರತದ ರೈತರು ವ್ಯಾಪಾರಕ್ಕಾಗಿ ಬೆಳೆಯಲು ಅನುಮತಿಯಿರುವ ಕುಲಾಂತರಿ ಬೆಳೆ, ಅಂದರೆ ಲ್ಯಾಬಿನಲ್ಲಿ ಬೇರೆ ಜೀವಿಯ ಜೀನು ಸೇರಿಸಿದ (ಇಂಗ್ಲಿಷಿನಲ್ಲಿ 'ಜಿಎಂ') ಬೆಳೆ, ಬಿಟಿ ಹತ್ತಿಯೊಂದೇ, ಅದೂ 2002ರಿಂದ. ಬಿಟಿ ಎಂದರೆ ಹುಳು ತಡೆಯುವ ಬ್ಯಾಕ್ಟೀರಿಯಾದ ಜೀನು ಸೇರಿಸಿದ್ದು. ಬಿಟಿ ಬದನೆಗೆ 2010ರಲ್ಲೇ ತಡೆ ಬಿತ್ತು. ಹಾಗಾಗಿ ಸಂತೆಯಲ್ಲಿ ಬೀಜವಿಲ್ಲದ ದ್ರಾಕ್ಷಿ, ರೆಡ್ ಲೇಡಿ ಪಪಾಯಿ, ದಪ್ಪ ಟೊಮೆಟೊ ಕಂಡು ಹೆದರಬೇಡಿ. ಅವು ಹೈಬ್ರಿಡ್ ಅಥವಾ ಆಯ್ದ ತಳಿಗಳು. ನಮ್ಮ ಹತ್ತಿ ಸೀಮೆಯಲ್ಲಿ ನೋಡಬೇಕಾದ್ದು ಎಣ್ಣೆ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬೇರೆಯಾದ ಮೇಲೆ ಬಿಟಿ ಹತ್ತಿಯ ಕಾಳು ಎಣ್ಣೆ ಮಿಲ್ಲಿಗೆ ಹೋಗುತ್ತದೆ, ಹಿಂಡಿ ಎಮ್ಮೆಗೆ.

ಕಿರಾಣಿ ಅಂಗಡಿಯಲ್ಲಿ ಪ್ಯಾಕೆಟ್ಟಿನ ಮುಂಬದಿಯ ಶೇಂಗಾ ಚಿತ್ರ ನಂಬದೆ ಹಿಂದೆ ತಿರುಗಿಸಿ. ಮಿಶ್ರ ಎಣ್ಣೆಯಾದರೆ ಎರಡೂ ಎಣ್ಣೆಗಳ ಹೆಸರು, ಶೇಕಡಾವಾರು ಪ್ರಮಾಣ ಇರಲೇಬೇಕು. 'ಕಾಟನ್‌ಸೀಡ್' ಎಂದಿದ್ದರೆ ಹತ್ತಿಕಾಳಿನ ಎಣ್ಣೆ. 'ಸೋಯಾಬೀನ್' ಎಂದಿದ್ದರೆ ಎಣ್ಣೆ ಆಮದಿನದೋ ಎಂದು ನೋಡಿ: ನಮ್ಮಲ್ಲಿ ಬೆಳೆಯುವ ಸೋಯಾ ಕುಲಾಂತರಿಯಲ್ಲ, ಅರ್ಜೆಂಟೀನಾ, ಬ್ರೆಜಿಲ್‌ಗಳದು ಹೆಚ್ಚುಕಡಿಮೆ ಪೂರ್ತಿ ಕುಲಾಂತರಿ. ಕೆನಡಾದ ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಕೂಡ ಬಹುತೇಕ ಹಾಗೆಯೇ. ಶೇಂಗಾ, ಸೂರ್ಯಕಾಂತಿ ಎಣ್ಣೆಗೆ ಈ ಚಿಂತೆಯಿಲ್ಲ. ಚಿಪ್ಸ್, ಖಾರಾಸೇವು, ಬಿಸ್ಕತ್ತುಗಳಲ್ಲಿ 'ಖಾದ್ಯ ಎಣ್ಣೆ' ಎಂಬ ಪದದ ಪಕ್ಕದಲ್ಲಿ ಯಾವ ಎಣ್ಣೆಯೆಂದು ಬರೆದಿರಬೇಕು. ಎಣ್ಣೆ, ನೀರು ಬೆರೆಯಲು ಹಾಕುವ 322 ಸಂಖ್ಯೆಯ ಲೆಸಿಥಿನ್ ಸಾಮಾನ್ಯವಾಗಿ ಸೋಯಾದ್ದು.

ಕುಲಾಂತರಿ ಆಹಾರದ ಪ್ಯಾಕೆಟ್ ಮೇಲೆ 'ಜಿಎಂ' ಎಂದು ಬರೆಯಬೇಕೆಂಬ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂತು. ಆದರೆ ಆ ಎರಡಕ್ಷರ ಕಾಣಲಿಲ್ಲವೆಂದು ಕುಲಾಂತರಿ ಇಲ್ಲವೆಂದು ತೀರ್ಮಾನಿಸಬೇಡಿ. ಪದಾರ್ಥಗಳ ಪಟ್ಟಿಯೇ ಹೆಚ್ಚು ಹೇಳುತ್ತದೆ. ಪೂರ್ತಿ ದೂರವಿಡಬೇಕೆನ್ನುವವರು 'ಜೈವಿಕ್ ಭಾರತ್' ಗುರುತು ಹುಡುಕಲಿ: ಸಾವಯವ ಮಾನದಂಡದಲ್ಲಿ ಕುಲಾಂತರಿ ನಿಷಿದ್ಧ.

ಕುಲಾಂತರಿಯೋ ಅಲ್ಲವೋ ತಿಳಿಯಲು ಲ್ಯಾಬಿಗೆ ಎಣ್ಣೆ ಕೊಟ್ಟು ದುಡ್ಡು ಕಳೆಯುವವರಿದ್ದಾರೆ. ರಿಫೈನ್ ಮಾಡುವಾಗ ಡಿಎನ್‌ಎ, ಪ್ರೋಟೀನು ಬಹುಪಾಲು ಹೋಗಿಬಿಡುವುದರಿಂದ ಜೀನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಸಿಗುವುದೇ ಕಷ್ಟ. ಪರೀಕ್ಷೆ ಮಾಡಿಸುವುದಾದರೆ ಕಾಳನ್ನೇ ಕೊಡಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಅಗ್ಗವೆಂದು ಮಿಲ್ಲಿನಿಂದ ಕಪ್ಪುಗೆಂಪು ಬಣ್ಣದ ಹಸಿ ಹತ್ತಿಕಾಳಿನ ಎಣ್ಣೆಯನ್ನು ಕ್ಯಾನಿನಲ್ಲಿ ತರಬೇಡಿ. ಅದರಲ್ಲಿ ಗಾಸಿಪಾಲ್ ಎಂಬ ವಿಷ ಇರುತ್ತದೆ. ಹತ್ತಿ ಬಿಟಿಯಾದರೂ ಜವಾರಿಯಾದರೂ ಅಷ್ಟೇ. ಕಾರ್ಖಾನೆಯಲ್ಲಿ ಕ್ಷಾರ ಹಾಕಿ ರಿಫೈನ್ ಮಾಡಿದಾಗಲೇ ಅದು ಹೋಗುವುದು, ಮನೆಯಲ್ಲಿ ಕಾಯಿಸಿ ಸೋಸಿದರೆ ಹೋಗದು.

ಅಂಗಡಿಯವರು ಮಿಶ್ರ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುತ್ತಿದ್ದರೆ ಅದು ನಿಯಮಬಾಹಿರ. ಎಣ್ಣೆಯ ಹೆಸರು ಬರೆಯದ ಪ್ಯಾಕೆಟ್ ಸಿಕ್ಕರೆ 14 ಅಂಕಿಯ ಆಹಾರ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿಯ ಭಾಗ ಮೂರೂ ಓದಲು ಬರುವಂತೆ ಫೋಟೊ ತೆಗೆದು, ಬಿಲ್ಲಿನೊಂದಿಗೆ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಕೊಡಿ. ಖಾಲಿ ಪ್ಯಾಕೆಟ್ ಎಸೆಯದೆ ಇಟ್ಟುಕೊಂಡಿರಿ.