ಮರಿ ಹೆಡ್ಜ್‌ಹಾಗ್‌ನ ಊಟ ಮತ್ತು ಮಡಿಕೇರಿಯ ಚಳಿ

ಚುಕ್ಕಿ ನಮ್ಮ ಮನೆಗೆ ಬಂದಾಗ ಅದಕ್ಕೆ ಎಂಟು ವಾರ. ತೂಕ 170 ಗ್ರಾಂ. ಮೈಮೇಲೆ ಪುಟ್ಟ ಮುಳ್ಳಿರುವ, ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಡ್ಜ್‌ಹಾಗ್ ಅದು. ಪೂರ್ತಿ ಬೆಳೆದರೂ ಸಾಮಾನ್ಯವಾಗಿ 300ರಿಂದ 600 ಗ್ರಾಂ ಅಷ್ಟೇ. ನಮ್ಮ ದೇಶದಲ್ಲೂ ಹೆಡ್ಜ್‌ಹಾಗ್‌ಗಳಿವೆ. ತಮಿಳುನಾಡಿನ ಒಣ ಭಾಗಗಳಲ್ಲಿ, ರಾಜಸ್ಥಾನ, ಗುಜರಾತ್ ಕಡೆ ಸಿಗುತ್ತವೆ. ಆದರೆ ಅವು ಕಾಡುಪ್ರಾಣಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅವನ್ನು ಹಿಡಿದು ಸಾಕುವ ಹಾಗಿಲ್ಲ. ಯಾರಾದರೂ ಕಡಿಮೆ ದುಡ್ಡಿಗೆ ಕೊಡ್ತೀನಿ ಅಂತ ಬಂದರೆ ಮೊದಲು ಯಾವ ಜಾತಿ ಅಂತ ಕೇಳಿ. ನಾನು ಬೆಂಗಳೂರಿನಲ್ಲಿ ಮರಿ ಮಾಡಿಸುವವರ ಹತ್ತಿರವೇ ತಂದೆ, ಬಿಲ್ಲು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕೊಡಗಿನಲ್ಲಿ ಮುಳ್ಳಿರುವ ಪ್ರಾಣಿ ಅಂದರೆ ಎಲ್ಲರಿಗೂ ಗೊತ್ತಿರುವುದು ತೋಟಕ್ಕೆ ನುಗ್ಗಿ ಗೆಣಸು ಅಗೆಯುವ ಮುಳ್ಳುಹಂದಿ. ಹಾಗಾಗಿ ನೋಡಲು ಬಂದವರೆಲ್ಲ ಗೆಣಸು, ಮರಗೆಣಸು ಹಿಡಿದುಕೊಂಡೇ ಬರುತ್ತಿದ್ದರು. ಮುಳ್ಳುಹಂದಿಗೂ ಹೆಡ್ಜ್‌ಹಾಗ್‌ಗೂ ಸಂಬಂಧವೇ ಇಲ್ಲ. ಮುಳ್ಳುಹಂದಿ ಇಲಿ, ಅಳಿಲಿನ ಬಳಗದ್ದು. ಹೆಡ್ಜ್‌ಹಾಗ್ ಸುಂಡಿಲಿಯ ನೆಂಟ, ಹುಳಹುಪ್ಪಟೆ ತಿಂದು ಬದುಕುವ ಪ್ರಾಣಿ. ಗೆಡ್ಡೆ, ಸೊಪ್ಪಿನ ನಾರನ್ನು ಅರಗಿಸುವಂಥ ಕರುಳು ಅದಕ್ಕಿಲ್ಲ. ಅದರ ಊಟಕ್ಕೆ ಪ್ರೋಟೀನ್ ಮುಖ್ಯ, ಕೊಬ್ಬು ಹಿತಮಿತವಾಗಿರಬೇಕು, ಉಳಿದದ್ದೆಲ್ಲ ರುಚಿಗೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರು ಬರೆದಿಡುವ ಊಟದ ಪಟ್ಟಿ ನಮ್ಮೂರಿಗೆ ಹಾಗೇ ಒಗ್ಗುವುದಿಲ್ಲ. ಇಲ್ಲಿ ಬಟ್ಟಲಿಗೆ ಏನು ಹಾಕಿದೆವು ಅನ್ನುವುದಕ್ಕಿಂತ ಗೂಡು ಎಷ್ಟು ಬೆಚ್ಚಗಿದೆ ಅನ್ನುವುದೇ ಅರ್ಧ ಊಟ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲ ವಾರ ಹೊಸದೇನನ್ನೂ ಕೊಡಲಿಲ್ಲ. ತಂದ ಕಡೆ ಯಾವ ಕಾಳು, ಅಂದರೆ ಕಾಳಿನ ಹಾಗಿರುವ ಒಣ ಆಹಾರ, ತಿನ್ನುತ್ತಿತ್ತೋ ಅದನ್ನೇ ಒಂದು ಚೀಲ ಕೇಳಿ ತಂದಿದ್ದೆ. ಮನೆ ಹೊಸದು, ವಾಸನೆ ಹೊಸದು, ಕೈ ಹೊಸದು. ಅದರ ಮೇಲೆ ಊಟವೂ ಬದಲಾದರೆ ಹೊಟ್ಟೆ ಕೆಡುತ್ತದೆ, ಹಸಿರು ಬಣ್ಣದ ಭೇದಿ ಶುರುವಾಗುತ್ತದೆ. ಆಮೇಲೆ ಹಳೆಯದಕ್ಕೆ ಹೊಸ ಕಾಳನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹತ್ತು ದಿನದ ಲೆಕ್ಕದಲ್ಲಿ ಬದಲಾಯಿಸಿದೆ.

ಹೊಸ ಕಾಳು ಅಂದರೆ ಬೆಕ್ಕಿನ ಮರಿಗೆ ಮಾಡಿದ ಒಣ ಆಹಾರ. ಹೆಡ್ಜ್‌ಹಾಗ್‌ಗೆ ಅಂತಲೇ ಬರುವ ಪ್ಯಾಕೆಟ್‌ಗಳೂ ಇವೆ. ಆದರೆ ಕೆಲವದರಲ್ಲಿ ಒಣಹಣ್ಣು, ಬೀಜದ ಚೂರು ಬೆರೆತಿರುತ್ತವೆ, ನನಗೆ ಅವು ಹಿಡಿಸಲಿಲ್ಲ. ಬೆಕ್ಕಿನ ಆಹಾರ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಕೋಳಿ ಅಂತ ಇರಬೇಕು. ಜೋಳ, ಅಕ್ಕಿ, ಗೋಧಿ ಮೊದಲು ಬಂದಿದ್ದರೆ ವಾಪಸ್ ಇಡಿ. ಪ್ರೋಟೀನ್ 30ರಿಂದ 35 ಶೇಕಡ, ಕೊಬ್ಬು 10ರಿಂದ 15. ಬೆಳೆಯುವ ಮರಿಗೆ ಕೊಬ್ಬು ಇನ್ನೊಂದೆರಡು ಶೇಕಡ ಜಾಸ್ತಿ ಇದ್ದರೂ ನಡೆಯುತ್ತದೆ. ಮೀನಿನ ರುಚಿಯದ್ದು ಬೇಡ. ಚುಕ್ಕಿ ಅದನ್ನು ಮೂಸಿಯೂ ನೋಡಲಿಲ್ಲ, ಜೊತೆಗೆ ಗೂಡು ಎರಡೇ ದಿನಕ್ಕೆ ಮೂಗು ಮುಚ್ಚುವ ಹಾಗಾಗುತ್ತದೆ. ಕಾಳು ಪುಟ್ಟದಿರಲಿ. ದಪ್ಪಗಿದ್ದರೆ ಕುಟ್ಟಾಣಿಯಲ್ಲಿ ಒಂದೇಟು ಹಾಕಿ ಒಡೆದರೆ ಸಾಕು. ಶುರುವಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಟ್ಟೆ, ಆಮೇಲೆ ಒಣಗಿದ್ದೇ.

ಮರಿಗೆ ಅಳತೆ ಬೇಡ. ಐದಾರು ತಿಂಗಳವರೆಗೆ ಬೇಕಾದಷ್ಟು ತಿನ್ನಲಿ, ಬಟ್ಟಲಲ್ಲಿ ಬೆಳಿಗ್ಗೆ ಸ್ವಲ್ಪ ಉಳಿದಿರಬೇಕು, ಅಷ್ಟೇ. ಇದು ರಾತ್ರಿ ಓಡಾಡುವ ಪ್ರಾಣಿ. ಸಂಜೆ ಏಳೂವರೆ ಸುಮಾರಿಗೆ ಹಾಕುತ್ತೇನೆ. ಅಡ್ಡ ಬೀಳದ ದಪ್ಪ ಪಿಂಗಾಣಿ ಬಟ್ಟಲು, ಅದೂ ಓಡುವ ಚಕ್ರದಿಂದ ದೂರ. ಚಕ್ರದ ಮೇಲೆ ಓಡುತ್ತಲೇ ಕಕ್ಕ ಮಾಡುವುದು ಇದರ ಅಭ್ಯಾಸ. ನೀರಿಗೂ ಬಟ್ಟಲೇ ವಾಸಿ. ಬಾಟಲಿಯ ಲೋಹದ ತುದಿಯನ್ನು ಕಚ್ಚಿ ಕಚ್ಚಿ ಹಲ್ಲು ಮುರಿದುಕೊಳ್ಳುವುದುಂಟು.

'ಇಷ್ಟು ಪುಟ್ಟ ಮರಿ, ಒಂದು ಚೂರು ಹಾಲು ಕೊಡಮ್ಮ' ಅಂತ ನಮ್ಮ ಅತ್ತೆ ದಿನಾ ಹೇಳುತ್ತಿದ್ದರು. ಹಾಲು ಇದಕ್ಕೆ ಅರಗುವುದಿಲ್ಲ ಅಂದರೆ ನಂಬುತ್ತಿರಲಿಲ್ಲ. 'ಡಾಕ್ಟರ್ ಬೇಡ ಅಂದಿದ್ದಾರೆ ಅತ್ತೆ' ಅಂದ ಮೇಲೆ ಸುಮ್ಮನಾದರು. ಅದರ ಬದಲು ಬೇಯಿಸಿದ ಮೊಟ್ಟೆ ಕೊಡಬಹುದು ಅಂತ ಗೊತ್ತಾದ ಮೇಲೆ ಆ ಕೆಲಸ ಅವರದ್ದೇ ಆಯಿತು. ವಾರಕ್ಕೆ ಎರಡು ಸಲ, ಕಡಲೆಬೇಳೆಯಷ್ಟು ದೊಡ್ಡ ಚೂರುಗಳು, ಒಟ್ಟು ಒಂದು ಟೀ ಚಮಚ. ಉಪ್ಪಿಲ್ಲ, ಎಣ್ಣೆಯಿಲ್ಲ. ಹಾಗೇ ಬೇಯಿಸಿದ ಕೋಳಿಯ ಎದೆಭಾಗ. ಸಿಹಿಗುಂಬಳ ಬೇಯಿಸಿ ಮಸೆದು ಅರ್ಧ ಚಮಚ ಕೊಟ್ಟರೆ ಮಲಬದ್ಧತೆಗೆ ಒಳ್ಳೆಯದು.

ಮೊಟ್ಟೆ ಮೊದಲ ಸಲ ಇಟ್ಟಾಗ ಒಂದು ತಮಾಷೆ ನಡೆಯಿತು. ಚುಕ್ಕಿ ಅದನ್ನು ಜಗಿದು ಜಗಿದು ಬಾಯಿ ತುಂಬ ನೊರೆ ಮಾಡಿಕೊಂಡಿತು. ಕತ್ತು ತಿರುಚಿ ಆ ನೊರೆಯನ್ನು ಬೆನ್ನಿನ ಮುಳ್ಳಿಗೆ ಬಳಿಯತೊಡಗಿತು. 'ಅಮ್ಮಾ, ಇದಕ್ಕೆ ಹುಚ್ಚು ಹಿಡಿದಿದೆ' ಅಂತ ಮಗಳು ಕೂಗಿದಳು. ಹುಚ್ಚೇನೂ ಅಲ್ಲ. ಹೊಸ ವಾಸನೆ, ಹೊಸ ರುಚಿ ಸಿಕ್ಕಾಗ ಹೆಡ್ಜ್‌ಹಾಗ್‌ಗಳು ಹೀಗೆ ಮಾಡುತ್ತವೆ. ಗಾಬರಿಯಾಗಿ ಬಾಯಿಗೆ ಕೈ ಹಾಕಬೇಡಿ.

ಎರಡು ತಿಂಗಳ ಆಸುಪಾಸಿನಲ್ಲಿ ಮರಿ ಮುಳ್ಳು ಉದುರಿ ದೊಡ್ಡ ಮುಳ್ಳು ಬರುತ್ತದೆ. ಚರ್ಮ ನೋಯುತ್ತಿರುತ್ತದೆ, ಮುಟ್ಟಿದರೆ ಬುಸುಗುಡುತ್ತದೆ, ಊಟ ಸ್ವಲ್ಪ ಕಡಿಮೆಯಾಗುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಇನ್ನೊಮ್ಮೆ ಇದೇ ಕಥೆ. ಆ ದಿನಗಳಲ್ಲಿ ಕಾಳನ್ನು ಮತ್ತೆ ನೆನೆಸಿ ಕೊಟ್ಟೆ. ಸಿಹಿ ಹಣ್ಣು ಆಸೆ ತೋರಿಸಿ ತಿನ್ನಿಸಲು ಹೋಗಲಿಲ್ಲ. ಆ ಅಭ್ಯಾಸ ಹತ್ತಿದರೆ ಕಾಳು ಮುಟ್ಟುವುದಿಲ್ಲ.

ಈಗ ಹುಳದ ವಿಷಯ. ಕಾಳು ಎಷ್ಟೇ ಒಳ್ಳೆಯದಾದರೂ ಹುಳ ಬೇಕು. ಹುಳದ ಹೊರಚಿಪ್ಪು ಇದಕ್ಕೆ ನಾರಿನ ಕೆಲಸ ಮಾಡುತ್ತದೆ, ಕಾಳಿನಲ್ಲಿ ಅದು ಸಿಗುವುದಿಲ್ಲ. ಹಿಡಿದು ತಿನ್ನುವ ಖುಷಿಯೂ ಬೇಕಲ್ವಾ? ಇಷ್ಟು ಹಸಿರು ಊರಲ್ಲಿ ಹುಳಕ್ಕೇನು ಬರ, ತೋಟದಿಂದ ಹಿಡಿದು ತಂದರಾಯಿತು ಅಂತ ನಮ್ಮನೆಯವರು ಅಂದರು. ನಾನು ಒಪ್ಪಲಿಲ್ಲ. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬೀಳುತ್ತದೆ, ಅದಕ್ಕೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆಯುವುದು ತೋಟದವರಿಗೆಲ್ಲ ಗೊತ್ತು. ನಮ್ಮ ತೋಟದಲ್ಲಿ ಹೊಡೆಯದಿದ್ದರೂ ಹುಳಕ್ಕೆ ಬೇಲಿ ಲೆಕ್ಕವಿಲ್ಲ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ರೆಕ್ಕೆಹುಳಗಳೂ ಎಲ್ಲಿಂದ ಎದ್ದು ಬಂದವೋ ಯಾರಿಗೆ ಗೊತ್ತು. ಬಸವನಹುಳವಂತೂ ಬೇಡವೇ ಬೇಡ. ಶನಿವಾರಸಂತೆ ಕಡೆ ಆಫ್ರಿಕನ್ ದೈತ್ಯ ಬಸವನಹುಳದ ಕಾಟ ಎಷ್ಟು ಅಂತ ಕೇಳಿರುತ್ತೀರಿ. ಅದಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ವಿಷ, ಆ ವಿಷ ತಿಂದ ಬಸವನಹುಳವೂ ವಿಷ. ಜೊತೆಗೆ ಶ್ವಾಸಕೋಶಕ್ಕೆ ಸೇರುವ ಜಂತು ಬೇರೆ ಬರುತ್ತದೆ.

ಹಾಗಾಗಿ ಮೀಲ್‌ವರ್ಮ್, ಅಂದರೆ ಒಂದು ಜಾತಿಯ ಜೀರುಂಡೆಯ ಮರಿಹುಳ, ಮನೆಯಲ್ಲೇ ಬೆಳೆಸಿದೆ. ಅಗಲವಾದ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ತೂತು, ಎರಡು ಬೆರಳು ದಪ್ಪಕ್ಕೆ ಗೋಧಿ ಬೂಸಾ. ಬೂಸಾ ಅಂದರೆ ಹಸುವಿನ ಮೇವಿನ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ನೀರಿಗೆ ಬದಲು ಕ್ಯಾರೆಟ್ ಬಿಲ್ಲೆ. ಹುಳ ಕೋಶವಾಗಿ ಕಪ್ಪು ಜೀರುಂಡೆಯಾಗುತ್ತದೆ, ಜೀರುಂಡೆ ಮೊಟ್ಟೆ ಇಡುತ್ತದೆ, ಚಕ್ರ ನಡೆಯುತ್ತದೆ. ಬಯಲುಸೀಮೆಯಲ್ಲಿ ಇದು ಸುಲಭ. ನಮ್ಮಲ್ಲಿ ಜೂನ್ ಬಂದರೆ ಬೂಸಾ ಬೂಸಲು ಹಿಡಿಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹತ್ತುತ್ತದೆ. ಬೂಸಾವನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ ಹಾಕಬೇಕು. ಮಳೆಗಾಲದಲ್ಲಿ ಕ್ಯಾರೆಟ್ ಅನ್ನು ರಾತ್ರಿ ಹಾಕಿ ಬೆಳಿಗ್ಗೆ ತೆಗೆದುಬಿಡುತ್ತೇನೆ. ಡಬ್ಬ ಚುಕ್ಕಿಯ ಗೂಡಿನ ಪಕ್ಕದಲ್ಲೇ ಇದೆ. ಹೀಟರ್‌ನ ಕಾವು ಹುಳಕ್ಕೂ ಬೇಕು, ಚಳಿಗೆ ಅದು ಬೆಳೆಯುವುದೇ ಇಲ್ಲ.

ಮೀಲ್‌ವರ್ಮ್‌ನಲ್ಲಿ ಒಂದು ಕೊರತೆ ಇದೆ. ರಂಜಕ ಜಾಸ್ತಿ, ಕ್ಯಾಲ್ಸಿಯಂ ಬಹಳ ಕಡಿಮೆ. ಅದನ್ನೇ ತಿಂದುಕೊಂಡು ಬೆಳೆದ ಮರಿಯ ಮೂಳೆ ಮೆತ್ತಗಾಗುತ್ತದೆ. ಕೊಡುವ ಹಿಂದಿನ ದಿನ ಬೇಕಾದಷ್ಟು ಹುಳ ಬೇರೆ ಡಬ್ಬಕ್ಕೆ ಹಾಕಿ ನುಗ್ಗೆಸೊಪ್ಪು, ಕ್ಯಾರೆಟ್ ತಿನ್ನಿಸುತ್ತೇನೆ. ಕೊಡುವ ಹೊತ್ತಿಗೆ ಮೊಟ್ಟೆ ಚಿಪ್ಪಿನ ಪುಡಿಯಲ್ಲಿ ಹೊರಳಿಸುತ್ತೇನೆ. ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಂಡರೆ ಅದು ಕ್ಯಾಲ್ಸಿಯಂ ಕಾರ್ಬೊನೇಟೇ. ದಿನಕ್ಕೆ ಮೂರು ನಾಲ್ಕು ಹುಳ ಸಾಕು, ಕೊಬ್ಬು ಜಾಸ್ತಿ ಇರುತ್ತದೆ. ಒಣಗಿಸಿದ ಹುಳದ ಪ್ಯಾಕೆಟ್ ಸುಲಭ ಅನಿಸಬಹುದು. ಮಲ ಗಟ್ಟಿಯಾಗುತ್ತದೆ, ನಾನು ಕೊಡುವುದಿಲ್ಲ.

ಕೊಡಗಿಗೆ ಬಂದವರು ಹೊತ್ತುಕೊಂಡು ಹೋಗುವ ಪದಾರ್ಥಗಳಿವೆಯಲ್ಲ, ಅದರಲ್ಲಿ ಒಂದೂ ಇದಕ್ಕೆ ಆಗುವುದಿಲ್ಲ ಅನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಮನೆಯಲ್ಲಿ ಮಾಡಿದ ಚಾಕೊಲೇಟ್ ವಿಷ. ಕಾಫಿಯೂ ಅಷ್ಟೇ. ಕಿತ್ತಳೆಯ ಹುಳಿ ಹೊಟ್ಟೆಗಾಗದು. ಜೇನು ಬರೀ ಸಕ್ಕರೆ, ಬಾಯಿಗೆ ಅಂಟುತ್ತದೆ. ಹಿತ್ತಲಲ್ಲಿ ಸುಮ್ನೆ ಬಿದ್ದು ಕೊಳೆಯುವ ಬೆಣ್ಣೆಹಣ್ಣನ್ನು ಮಕ್ಕಳು ಪ್ರೀತಿಯಿಂದ ತಂದು ಹಾಕುವ ಸಾಧ್ಯತೆ ಹೆಚ್ಚು, ಅದೂ ಅಪಾಯವೇ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಕೂಡದು. ಗೋಡಂಬಿ, ಕಡಲೆಬೀಜ ಅಂಗುಳಕ್ಕೆ ಕಚ್ಚಿಕೊಳ್ಳುತ್ತವೆ. ಪಂದಿ ಕರಿ ಮಾಡಿದ ದಿನ ಒಂದು ಚೂರು ತೊಳೆದು ಕೊಡಲಾ ಅಂತ ಕೇಳಿದ ನೆಂಟರೂ ಇದ್ದಾರೆ. ತೊಳೆದರೆ ಖಾರ ಹೋಗಬಹುದು, ಕೊಬ್ಬು ಹೋಗುತ್ತದೆಯೇ? ಹಣ್ಣು ಕೊಡಲೇಬೇಕು ಅನಿಸಿದರೆ ಪಪ್ಪಾಯಿ, ಸಿಪ್ಪೆ ತೆಗೆದ ಸೇಬು, ಬೆರಳ ತುದಿಯಷ್ಟು, ವಾರಕ್ಕೊಮ್ಮೆ.

ಚಳಿಯ ವಿಷಯಕ್ಕೆ ಬರುತ್ತೇನೆ. ಈ ಪ್ರಾಣಿಗೆ 24ರಿಂದ 27 ಡಿಗ್ರಿ ಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಮನೆಯೊಳಗೇ 18 ಡಿಗ್ರಿ ಇರುತ್ತದೆ. ಅಷ್ಟು ಚಳಿಗೆ ಇದು ಚಳಿನಿದ್ದೆಗೆ ಜಾರಲು ನೋಡುತ್ತದೆ. ಯುರೋಪಿನ ಹೆಡ್ಜ್‌ಹಾಗ್‌ಗಳು ಚಳಿಗಾಲವನ್ನೆಲ್ಲ ನಿದ್ದೆಯಲ್ಲಿ ಕಳೆಯುತ್ತವೆ, ಅದಕ್ಕೆ ತಕ್ಕ ಮೈ ಅವಕ್ಕಿದೆ. ಆಫ್ರಿಕಾದ ಈ ಜಾತಿ ಹಾಗೆ ಮಲಗಿದರೆ ಮತ್ತೆ ಏಳದೆಯೂ ಇರಬಹುದು. ಅದಕ್ಕೂ ಮೊದಲೇ ಊಟ ನಿಲ್ಲುತ್ತದೆ. ಕಾಳು ಹಿಡಿಸಲಿಲ್ಲವೇನೋ ಅಂತ ಜನ ಬ್ರ್ಯಾಂಡ್ ಬದಲಾಯಿಸುತ್ತಾ ಕೂರುತ್ತಾರೆ. ಮೊದಲು ಗೂಡಿನ ಥರ್ಮಾಮೀಟರ್ ನೋಡಿ, ಆಮೇಲೆ ಹೊಟ್ಟೆ ಮುಟ್ಟಿ ನೋಡಿ. ಹೊಟ್ಟೆ ತಣ್ಣಗಿದ್ದು ನಡಿಗೆ ತೂರಾಡುತ್ತಿದ್ದರೆ ಊಟ ಇಡಬೇಡಿ. ಮೈ ತಣ್ಣಗಿರುವಾಗ ತಿಂದದ್ದು ಅರಗುವುದಿಲ್ಲ. ಬಟ್ಟೆಯೊಳಗೆ ಎದೆಗೆ ಒತ್ತಿಕೊಂಡು ನಿಧಾನಕ್ಕೆ ಬೆಚ್ಚಗೆ ಮಾಡಿ, ಚುರುಕಾದ ಮೇಲೆ ನೀರು, ಆಮೇಲೆ ಊಟ. ಬಿಸಿನೀರಲ್ಲಿ ಅದ್ದುವ ಕೆಲಸ ಬೇಡ.

ನಾನು ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿ ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಜೋಡಿಸಿದ್ದೇನೆ. ಆದರೆ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಇನ್ವರ್ಟರ್ ಹೀಟರನ್ನು ಬಹಳ ಹೊತ್ತು ಎಳೆಯುವುದಿಲ್ಲ. ಬಚ್ಚಲ ಒಲೆ ಇರುವ ಮನೆ ನಮ್ಮದು, ಹಂಡೆ ತುಂಬ ಬಿಸಿನೀರಿಗೆ ಕೊರತೆಯಿಲ್ಲ. ರಬ್ಬರ್ ಚೀಲಕ್ಕೆ ತುಂಬಿ, ದಪ್ಪ ಟವೆಲ್ ಸುತ್ತಿ ಗೂಡಿನ ಒಂದು ಮೂಲೆಗೆ ಇಡುತ್ತೇವೆ. ಸೆಕೆಯಾದರೆ ಇನ್ನೊಂದು ಮೂಲೆಗೆ ಹೋಗಲು ಜಾಗ ಇರಬೇಕು. ಆರುವ ಮುಂಚೆ ಬದಲಾಯಿಸಬೇಕು, ರಾತ್ರಿ ಏಳುವ ಸರದಿ ನಮ್ಮಿಬ್ಬರದ್ದು.

ತೇವದಿಂದ ಕಾಳೂ ಕೆಡುತ್ತದೆ. ದೊಡ್ಡ ಚೀಲ ಅಗ್ಗ ಅಂತ ತರಬೇಡಿ. ಸಣ್ಣ ಪ್ಯಾಕ್ ತಂದು ಗಾಳಿಯಾಡದ ಡಬ್ಬಗಳಿಗೆ ಹಂಚಿಡಿ. ಬಟ್ಟಲಲ್ಲಿ ಉಳಿದದ್ದು ಮಳೆಗಾಲದ ಬೆಳಿಗ್ಗೆಗೆ ಮೆತ್ತಗಾಗಿರುತ್ತದೆ, ಎಸೆದುಬಿಡಿ. ಬೂಸಲು ಹಿಡಿದ ಆಹಾರ ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತದೆ. ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯುವುದಿಲ್ಲ. ಹೆಡ್ಜ್‌ಹಾಗ್‌ಗಳಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮಗಳಿಗೂ ಅಭ್ಯಾಸವಾಗಿದೆ.

ಪ್ರತಿ ಭಾನುವಾರ ಅಡುಗೆಗೆ ಬಳಸುವಂಥ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಮರಿ ಅಂದಮೇಲೆ ವಾರ ವಾರ ಏರಬೇಕು. ಹತ್ತು ಶೇಕಡ ಇಳಿದರೆ ಅಥವಾ ಒಂದು ಇಡೀ ದಿನ ಏನೂ ತಿನ್ನದಿದ್ದರೆ ಕಾಯುವ ಹಾಗಿಲ್ಲ. ಊಟ ಬಿಟ್ಟರೆ ಇದರ ಪಿತ್ತಜನಕಾಂಗದಲ್ಲಿ ಬೇಗ ಕೊಬ್ಬು ತುಂಬಿಕೊಳ್ಳುತ್ತದೆ. ನಾಯಿ, ಹಸು ನೋಡುವವರಿಗೆಲ್ಲ ಈ ಪ್ರಾಣಿಯ ಪರಿಚಯ ಇರುವುದಿಲ್ಲ. ನಾವು ಮೈಸೂರಿಗೆ ಇಳಿಯುತ್ತೇವೆ, ಫೋನ್ ನಂಬರ್ ಮೊದಲೇ ಹುಡುಕಿ ಇಟ್ಟುಕೊಂಡದ್ದು. ಹೋಗುವಾಗ ಮಲದ ಫೋಟೊ, ಕಾಳಿನ ಪ್ಯಾಕೆಟ್ಟಿನ ಫೋಟೊ, ಕ್ಯಾಲೆಂಡರಿನ ಹಾಳೆ ಜೊತೆಗಿದ್ದರೆ ವೈದ್ಯರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ.

ಆರು ತಿಂಗಳು ದಾಟಿದ ಮೇಲೆ ಲೆಕ್ಕ ಬದಲಾಯಿತು. ಬೆಳವಣಿಗೆ ನಿಂತರೂ ಹಸಿವು ನಿಲ್ಲುವುದಿಲ್ಲ. ಕಂಕುಳಲ್ಲಿ ಹಳದಿ ಕೊಬ್ಬು ಕಾಣಿಸಿದರೆ, ಪೂರ್ತಿ ಉಂಡೆಯಾಗಿ ಸುತ್ತಿಕೊಳ್ಳಲು ಆಗದಿದ್ದರೆ ದಪ್ಪವಾಗಿದೆ ಅಂತಲೇ. ಈಗ ಮರಿಯ ಕಾಳಿನ ಬದಲು ಕೊಬ್ಬು ಕಡಿಮೆ ಇರುವ ದೊಡ್ಡ ಬೆಕ್ಕಿನ ಕಾಳು, ಊಟದ ಚಮಚದಲ್ಲಿ ಒಂದೂವರೆ. ಹುಳ ದಿನಬಿಟ್ಟು ದಿನ. ಚಕ್ರ ಮಾತ್ರ ರಾತ್ರಿಯಿಡೀ ತಿರುಗುತ್ತಿರಬೇಕು. ಅದು ನಿಂತ ರಾತ್ರಿ ನಾನು ಎದ್ದು ಹೋಗಿ ಥರ್ಮಾಮೀಟರ್ ನೋಡುತ್ತೇನೆ.